ಮಳವಳ್ಳಿ ರಸ್ತೆಯ ಹತ್ತು ಗುಂಟೆ

2024ರ ಸೆಪ್ಟೆಂಬರ್ 6, ಶುಕ್ರವಾರ, ಗೌರಿ ಹಬ್ಬದ ಬೆಳಿಗ್ಗೆ, ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಒಂದು ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬರು ತವರಿನಿಂದ ಅಣ್ಣ ತಂದ ಬಾಗಿನವನ್ನು ವಾಪಸು ಕಳಿಸಿದರು. ಆ ಹೊತ್ತಿನಲ್ಲಿ ನಾನು ಮತ್ತು ನನ್ನ ಸ್ನೇಹಿತ ಅವರ ಮನೆಯಿಂದ ಸ್ವಲ್ಪ ಆಚೆ, ಹಾಲಿನ ಡೇರಿಯ ಮುಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದೆವು. ಆಕೆಯ ಅಣ್ಣನ ಹತ್ತು ಗುಂಟೆ ಜಮೀನನ್ನು ನಾವಿಬ್ಬರು ಸೇರಿ ಕೊಳ್ಳಲು ಹೊರಟಿದ್ದೆವು. ಅದಕ್ಕೆ ಆಕೆಯ ಸಹಿ ಬೇಕಿತ್ತು. ಬಾಗಿನದ ಸೀರೆಗೂ ಮೊರಕ್ಕೂ ದುಡ್ಡು ಕೊಟ್ಟವರು ನಾವೇ.

ನಾನು ಮಂಡ್ಯದಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ತಾಲ್ಲೂಕುಗಳ ಸುದ್ದಿ ಬರೆಯುವವನು. ಸ್ನೇಹಿತ ಮದ್ದೂರಿನ ಕಾರು ಮೆಕ್ಯಾನಿಕ್. ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ಬೆಂಚು. ಅವನ ತಂದೆ ಹಳೇ ಹೆದ್ದಾರಿಯ ಪಕ್ಕ ಬಾಡಿಗೆ ಶೆಡ್ಡಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದರು. ಅವರ ನಂತರ ಶೆಡ್ಡು ಇವನ ಕೈಗೆ ಬಂತು. ಮೈಸೂರಿಗೆ ಹೋಗುವ ಗಾಡಿಗಳು ಕೈಕೊಟ್ಟರೆ ಜನ ತಳ್ಳಿಕೊಂಡು ಬರುತ್ತಿದ್ದುದು ಅಲ್ಲಿಗೇ. 2023ರಲ್ಲಿ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಯಿತು. ವಡೆ ಮಾರುವ ಹೋಟೆಲುಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು, ಪಂಕ್ಚರ್ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ನಾನು ಅದರ ಬಗ್ಗೆ ವರದಿ ಬರೆಯಲು ಹೋದಾಗ ಅವನು ಬಾನೆಟ್ಟಿನೊಳಗಿಂದ ತಲೆ ಎತ್ತದೆ ಹೇಳಿದ್ದ:

"ಗಾಡಿಗಳು ಕೆಡೋದೇನು ನಿಂತಿಲ್ಲ ಕಣ್ಲಾ. ನಮ್ಮೂರಲ್ಲಿ ಕೆಡೋದು ನಿಂತದೆ. ಇದನ್ನ ಬರ್ಕೊ, ನನ್ನ ಫೋಟೋ ಮಾತ್ರ ಬ್ಯಾಡ. ಕೆಲಸ ಇಲ್ದೋನು ಅಂತ ಗೊತ್ತಾದ್ರೆ ಇರೋ ಗಿರಾಕೀನೂ ಬರಾಕಿಲ್ಲ."

ಅವನಿಗೆ ಬೇಕಾಗಿದ್ದುದು ಒಂದೇ: ಗಾಡಿ ಓಡಾಡುವ ರಸ್ತೆಯ ಪಕ್ಕದಲ್ಲಿ ಸ್ವಂತದ ಒಂದು ಶೆಡ್ಡು. ನನಗೆ ಬೇಕಾಗಿದ್ದುದು ಅಷ್ಟು ಸ್ಪಷ್ಟವಿರಲಿಲ್ಲ. ಪತ್ರಿಕೆಯವರು ಕೊಡುವ ಸಂಭಾವನೆಯ ಮೇಲೆ ಮುಪ್ಪು ಕಳೆಯುವುದಿಲ್ಲ ಎಂಬುದು ಗೊತ್ತಿತ್ತು. ಸುದ್ದಿಗೆಂದು ಉಪನೋಂದಣಿ ಕಚೇರಿಗೆ ಹೋದಾಗಲೆಲ್ಲ ನನ್ನ ವಯಸ್ಸಿನವರು ಜಮೀನು ಬರೆಸಿಕೊಂಡು ಹೊರಗೆ ಬರುವುದನ್ನು ನೋಡುತ್ತಿದ್ದೆ. ಹೇಗೆ ಕೊಳ್ಳುತ್ತಾರೆ ಎಂದು ಒಮ್ಮೆ ಕೇಳಿದೆ. ಅವರು ತೋರಿಸಿದ್ದು ಒಬ್ಬ ದಲ್ಲಾಳಿಯನ್ನು.

ದಲ್ಲಾಳಿ ಮಳವಳ್ಳಿಯವನು. ಮೊದಲು ದನದ ಜಾತ್ರೆಗಳಲ್ಲಿ ಎತ್ತಿನ ವ್ಯಾಪಾರ ಕುದುರಿಸುತ್ತಿದ್ದವನು. ಎತ್ತು ಕೊಳ್ಳುವವರು ಕಡಿಮೆಯಾದ ಮೇಲೆ ಜಮೀನಿಗೆ ಬಂದಿದ್ದ. ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ. ಟೀ ಅಂಗಡಿಯಲ್ಲಿ ಗುಂಟೆಯ ಬೆಲೆ ಕೇಳಿದರೆ ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹಾಸಿ, ಅದರ ಕೆಳಗೆ ನಮ್ಮ ಬೆರಳು ಹಿಡಿದು ಹೇಳುತ್ತಿದ್ದ. ಪಕ್ಕದವರಿಗೆ ಗೊತ್ತಾಗುತ್ತಿರಲಿಲ್ಲ. ಮೊದಲ ಸಲ ಸ್ನೇಹಿತ ಬೆರಳು ಹಿಂದಕ್ಕೆಳೆದುಕೊಂಡ.

"ಏನ್ ಸಾಬ್ರೆ, ಬೆರಳು ಕಚ್ತೀನಿ ಅನ್ಕಂಡ್ರಾ?"

"ಕಚ್ಚುದ್ರೆ ಪರವಾಗಿಲ್ಲ ಕಣಣ್ಣ. ಈ ರೇಟಿಗೆ ನನ್ ಕೈಯೇ ಹೋಯ್ತದೆ."

ದಲ್ಲಾಳಿ ನಕ್ಕ. ಆಮೇಲೆ ನಮ್ಮಂಥವರು ಜಮೀನಿಗೆ ಇಳಿಯುವ ದಾರಿ ಯಾವುದು ಎಂದು ವಿವರಿಸಿದ. "ದುಡ್ಡಿರೋರು ಜಮೀನ್ ತಕ್ಕತರೆ. ದುಡ್ಡಿಲ್ದೋರು ಅಗ್ರಿಮೆಂಟ್ ತಕ್ಕಬೇಕು. ಮುಂಗಡ ಕೊಟ್ಟು ಹತ್ತು ಗುಂಟೆಗೆ ಅಗ್ರಿಮೆಂಟ್ ಮಾಡ್ಕಳಿ. ಆರ್ ತಿಂಗ್ಳು ಟೈಮ್ ಈಸ್ಕೊಡ್ತೀನಿ. ಅಷ್ಟ್ರಲ್ಲಿ ಮುಂದಲ್ ಭಾಗ ಇನ್ನೊಬ್ರಿಗೆ ಜಾಸ್ತಿ ರೇಟಿಗೆ ಕುದುರಿಸ್ತೀನಿ. ಅವ್ರ್ ದುಡ್ಡಲ್ಲೇ ರಿಜಿಸ್ಟ್ರು. ಹಿಂದಲ್ ಭಾಗ ನಿಮ್ಗೆ ಬಿಟ್ಟಿ ಉಳ್ಕತದೆ."

"ಕುದುರ್ದೆ ಹೋದ್ರೆ?" ಎಂದು ನಾನು ಕೇಳಿದೆ.

"ಎತ್ತು ಮಾರ್ದೇ ಇದ್ರೆ ಮನೇಗ್ ಹೊಡ್ಕಂಡ್ ಓಯ್ತೀವಿ. ಜಮೀನ್ ಎಲ್ಗ್ ಓಡೋಯ್ತದೆ ಬುಡಿ."

ಜಮೀನು ಮದ್ದೂರು–ಮಳವಳ್ಳಿ ರಸ್ತೆಗೆ ಹೊಂದಿಕೊಂಡಿತ್ತು. ಹಿಂದೆ ನಾಲೆಯ ಕವಲು, ಮುಂದೆ ಟಾರು. ಕಬ್ಬು ಕಡಿದು ಕೂಳೆ ಉಳಿದಿತ್ತು. ಮಾಲೀಕ ಐವತ್ತರ ಆಸುಪಾಸಿನ ರೈತ. ಹೆಂಚು ತೆಗೆದು ತಾರಸಿ ಹಾಕಿಸಬೇಕೆಂದು ಈ ತುಂಡನ್ನು ಮಾರುತ್ತಿದ್ದ. ಒಳಗೆ ಇನ್ನೂ ಜಮೀನಿತ್ತು. ತೊಂದರೆಯಲ್ಲಿ ಮಾರುತ್ತಿರುವವನಲ್ಲ ಎಂಬುದು ನನಗೆ ಸಮಾಧಾನದ ವಿಷಯವಾಗಿತ್ತು. ಸ್ನೇಹಿತ ಕೂಳೆಗಳ ನಡುವೆ ನಡೆದಾಡಿ ಒಂದು ಕಡೆ ನಿಂತ.

"ಇಲ್ಲಿ ಪಿಟ್ಟು. ಗಾಡಿ ಮೇಲೆ ನಿಂತ್ರೆ ನಾನ್ ಕೆಳಗ್ ಇಳಿಯೋ ಅಂಗೆ. ಅಲ್ಲಿ ಕಂಪ್ರೆಸರ್ರು. ಆ ಬೇವಿನ ಮರ ಕಡಿಯಾದ್ ಬ್ಯಾಡ, ಗಿರಾಕಿ ಕೂತ್ಕೊಳ್ಳಿ."

"ಮರ ನಿಮ್ ಕಲ್ಲಿನೊಳಗೆ ಬರಾಕಿಲ್ಲ ಸಾಬ್ರೆ," ಎಂದ ಮಾಲೀಕ. "ಅದು ಪಕ್ಕದವ್ರುದು."

"ಮರ ಅವ್ರುದಾದ್ರೆ ಆಗ್ಲಿ, ನೆಳ್ಳು ಈ ಕಡೆಗಲ್ವಾ ಬೀಳೋದು?"

ಈ ರಸ್ತೆಯಲ್ಲಿ ಶಿವನಸಮುದ್ರಕ್ಕೂ ಬೆಟ್ಟದ ದೇವಸ್ಥಾನಕ್ಕೂ ಹೋಗುವ ಕಾರುಗಳಿದ್ದವು. ಯಾವ ಹೊಸ ಹೆದ್ದಾರಿಯೂ ಇದನ್ನು ಬಳಸಿಕೊಂಡು ಹೋಗುವ ಯೋಜನೆ ಇಲ್ಲವೆಂದು ನಾನು ವಿಚಾರಿಸಿಕೊಂಡು ಬಂದಿದ್ದೆ. ಪಹಣಿ ತೆಗೆಸಿದೆ. ತಂದೆ ತೀರಿಕೊಂಡ ಮೇಲೆ ಖಾತೆ ಮಗನ ಹೆಸರಿಗೆ ಬಂದಿತ್ತು. ವಂಶವೃಕ್ಷದಲ್ಲಿ ಒಬ್ಬ ಮಗಳೂ ಇದ್ದರು. ಜಮೀನು ಪಿತ್ರಾರ್ಜಿತ. ಆಕೆಯೂ ಸಹಿ ಹಾಕದೆ ನೋಂದಣಿ ಬೇಡ ಎಂದು ನಾನು ಪಟ್ಟು ಹಿಡಿದೆ. ಮಾಲೀಕನಿಗೆ ಅದು ವಿಷಯವೇ ಅಲ್ಲ.

"ನನ್ ತಂಗಿ ಕಣಣ್ಣ ಅವ್ಳು. ಕರದ್ರೆ ಬತ್ತಳೆ, ತೋರ್ಸುದ್ ಕಡೆ ಆಕ್ತಳೆ."

"ಹಾಗಾದ್ರೆ ಈಗ್ಲೇ ಒಂದ್ಸಲ ಹೋಗಿ ಕೇಳ್ಕೊಂಡು ಬರೋಣ," ಎಂದೆ.

ಆತ ದಲ್ಲಾಳಿಯ ಮುಖ ನೋಡಿದ. ಬರೀ ಕೈಯಲ್ಲಿ ಹೋಗಿ ತಂಗಿಯ ಹತ್ತಿರ ಭಾಗ ಬಿಟ್ಟುಕೊಡು ಅನ್ನುವುದು ಮರ್ಯಾದೆಯಲ್ಲ ಎಂದ ದಲ್ಲಾಳಿ. ಈ ಕಡೆ ಅದಕ್ಕೊಂದು ಕಾಲವಿದೆ, ಗೌರಿ ಹಬ್ಬ; ತಾನು ಮಾಡಿಸಿದ ತಂಗಿಯರ ಸಹಿಗಳಲ್ಲಿ ಹೆಚ್ಚಿನವು ಹಬ್ಬದ ವಾರದಲ್ಲೇ ಆದದ್ದು ಎಂದ. "ಬಾಗ್ನ ಹಿಡ್ಕಂಡು ಬಾಗ್ಲಲ್ಲಿ ನಿಂತಿರೋ ಅಣ್ಣಂಗೆ ಇಲ್ಲ ಅನ್ನೋ ತಂಗಿ ಈ ಸೀಮೇಲಿ ಹುಟ್ಟಿಲ್ಲ."

ಅದು ಸುಳ್ಳಲ್ಲ. ನಮ್ಮ ಮನೆಯಲ್ಲೂ ಹಾಗೇ ನಡೆದಿತ್ತು. ನನ್ನ ಅತ್ತೆಯರು, ಅಂದರೆ ಅಪ್ಪನ ತಂಗಿಯರು, ಸಹಿ ಹಾಕಿದ್ದು ಒಂದೊಂದು ಸೀರೆಗೆ. ಆಗ ಯಾರೂ ಅದನ್ನು ಬೆಲೆ ಅಂದಿರಲಿಲ್ಲ, ಅರಿಶಿನ–ಕುಂಕುಮ ಅಂದಿದ್ದರು.

ಮಾರ್ಚ್‌ನಲ್ಲಿ ಅಗ್ರಿಮೆಂಟ್ ಆಯಿತು. ನನ್ನ ಪಾಲಿನ ಮುಂಗಡ ಉಳಿತಾಯದಿಂದ ಬಂತು. ಸ್ನೇಹಿತನಿಗೆ ಉಳಿತಾಯವಿರಲಿಲ್ಲ. ಅವನ ಹತ್ತಿರ ಇದ್ದ ಒಂದೇ ಇಡುಗಂಟು, ತಂದೆಯ ಕಾಲದಿಂದ ಬೆಳೆಸುತ್ತ ಬಂದಿದ್ದ ಶೆಡ್ಡಿನ ಅಡ್ವಾನ್ಸು. ಅದು ವಾಪಸು ಬೇಕೆಂದರೆ ಶೆಡ್ಡು ಬಿಡಬೇಕು. ಅವನ ಮನೆಯಲ್ಲಿ ಅವತ್ತು ನಾನೂ ಇದ್ದೆ. ಹೆಂಡತಿ ಉರ್ದುವಿನಲ್ಲಿ ಅವನನ್ನು ಏನೋ ಕೇಳಿ, ನನಗೂ ತಿಳಿಯಲೆಂದು ಕನ್ನಡದಲ್ಲಿ ಮತ್ತೊಮ್ಮೆ ಕೇಳಿದರು: "ಅಲ್ಲಿ ಶೆಡ್ಡು ಏಳೋ ತನಕ ಇವರು ಎಲ್ಲಿ ಕೂತ್ಕೊಂಡು ಕೆಲಸ ಮಾಡೋದು ಅಣ್ಣಾ?"

"ಆರು ತಿಂಗಳ ಮಾತು," ಎಂದು ಉತ್ತರ ಕೊಟ್ಟದ್ದು ಅವನು.

ಶೆಡ್ಡಿನ ಯಜಮಾನ ಅದನ್ನು ಕುಡಿಯುವ ನೀರಿನ ಕ್ಯಾನ್ ತುಂಬುವವರಿಗೆ ಕೊಟ್ಟ. ಸ್ನೇಹಿತ ಸಾಮಾನುಗಳನ್ನು ಮನೆಯ ಹಿಂದಕ್ಕೆ ಸಾಗಿಸಿ, ಹಳೇ ಹೆದ್ದಾರಿಯ ಪಕ್ಕದ ಒಂದು ಮರದ ಕೆಳಗೆ ಟಾರ್ಪಾಲು ಕಟ್ಟಿಕೊಂಡ. ಪಿಟ್ ಇಲ್ಲದ್ದರಿಂದ ದೊಡ್ಡ ಕೆಲಸ ಒಪ್ಪಿಕೊಳ್ಳುವಂತಿರಲಿಲ್ಲ. ಆಯಿಲ್ ಬದಲಿಸುವುದು, ಬ್ರೇಕ್ ನೋಡುವುದು, ಇಷ್ಟೇ.

ದಲ್ಲಾಳಿ ಹೇಳಿದಂತೆ ಮುಂದಿನ ಭಾಗಕ್ಕೆ ಗಿರಾಕಿಯೂ ಸಿಕ್ಕಿದರು. ಶಿವನಸಮುದ್ರದ ಹತ್ತಿರದ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬರು. ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆಯಲ್ಲಿದ್ದರು, ರಸ್ತೆ ಪಕ್ಕ ಮನೆ ಕಟ್ಟುವ ಆಸೆ. ಜಮೀನು ನೋಡಿದರು, ಮಣ್ಣು ಕೈಯಲ್ಲಿ ಹಿಚುಕಿ ನೋಡಿದರು, ತಂಗಿಯ ಸಹಿ ಆದ ದಿನ ಬರುತ್ತೇನೆ ಎಂದರು. ಅಲ್ಲಿಯವರೆಗೆ ಎಲ್ಲವೂ ದಲ್ಲಾಳಿ ಟೀ ಅಂಗಡಿಯಲ್ಲಿ ಹೇಳಿದ ಹಾಗೆಯೇ ನಡೆದಿತ್ತು.

ಹಬ್ಬದ ಹಿಂದಿನ ದಿನ ಮದ್ದೂರು ಪೇಟೆಯಲ್ಲಿ ಸೀರೆ ಆರಿಸಿದ್ದು ನಾನು. ಮೊರ ತಂದದ್ದು ಸ್ನೇಹಿತ. ಮೊರ ಮಾರುವ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಸಾಬ್ರೆ, ಈ ವರ್ಸ ನಿಮ್ಮನೇಲೂ ಗೌರಮ್ಮನ್ನ ಕೂರುಸ್ತಿದ್ದೀರಾ?"

"ಇಲ್ಲ ಕಣಮ್ಮ. ನಮ್ ಗೌರಮ್ಮ ಮಳವಳ್ಳಿ ರಸ್ತೇಲಿ ಕೂತವ್ಳೆ. ಹತ್ತು ಗುಂಟೆ."

"ಅಂಗಾರೆ ಒಳ್ಳೆ ಜೊತೆ ತಕ್ಕಳಿ. ಸೀಳಿರೋದ್ ಕೊಡ್ಬಾರ್ದು," ಎಂದು ಆಕೆ ಬೇರೆ ಜೋಡಿ ತೆಗೆದುಕೊಟ್ಟಳು.

ಮೊರದೊಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಅರಿಶಿನ–ಕುಂಕುಮ, ತೆಂಗಿನಕಾಯಿ, ರವಿಕೆ ಕಣ ಜೋಡಿಸಿದ್ದು ಮಾಲೀಕನ ಹೆಂಡತಿ. ಇನ್ನೊಂದು ಮೊರವನ್ನು ಅದರ ಮೇಲೆ ಕವುಚುವ ಮೊದಲು ದಲ್ಲಾಳಿ ಮಳವಳ್ಳಿಯಲ್ಲಿ ಟೈಪು ಮಾಡಿಸಿ ತಂದಿದ್ದ, ತಂಗಿ ತನ್ನ ಭಾಗ ಬಿಟ್ಟುಕೊಟ್ಟೆ ಎನ್ನುವ ಹಕ್ಕು ಖುಲಾಸೆ ಪತ್ರವನ್ನು ರವಿಕೆ ಕಣದ ಕೆಳಗೆ ಇಟ್ಟ. ಇದನ್ನು ನಾನು ಕಣ್ಣಾರೆ ನೋಡಿದವನಲ್ಲ. ಆಮೇಲೆ ಮಾಲೀಕನೇ ಹೇಳಿದ್ದು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದ್ದಕ್ಕೆ ಆತ ದಲ್ಲಾಳಿಯ ಮಾತನ್ನೇ ಒಪ್ಪಿಸಿದ: ಸೆರಗೊಡ್ಡಿ ಈಸಿಕೊಂಡ ಬಾಗಿನವನ್ನು ಯಾವ ಹೆಣ್ಣೂ ತಿರುಗಿಸಿ ಕೊಡುವುದಿಲ್ಲ, ಹಾಗಾಗಿ ಬಾಗಿನದೊಳಗೆ ಇರುವುದನ್ನೂ ತಿರುಗಿಸುವಂತಿಲ್ಲ. ದನದ ವ್ಯಾಪಾರದಲ್ಲಿ ವೀಳ್ಯದೆಲೆಯ ಮೇಲಿಟ್ಟ ಮುಂಗಡ ಹೇಗೋ ಹಾಗೆ. ಬಾಯಿಬಿಟ್ಟು ಕೇಳುವ ಕಷ್ಟವೂ ಅಣ್ಣನಿಗೆ ತಪ್ಪುತ್ತದೆ.

ಆ ಬೆಳಿಗ್ಗೆ ಮಾಲೀಕನೂ ದಲ್ಲಾಳಿಯೂ ಬೈಕಿನಲ್ಲಿ ಮುಂದೆ ಹೋದರು. ಮೊರ ಮಾಲೀಕನ ತೊಡೆಯ ಮೇಲಿತ್ತು. ಹಳ್ಳಿಯಲ್ಲಿ ಬಾಗಿಲಿಗೆಲ್ಲ ತೋರಣವಿತ್ತು, ಅಂಗಳ ಸಾರಿಸಿ ರಂಗೋಲಿ ಬಿಟ್ಟಿದ್ದರು. ಕಾರಿನಿಂದ ಆ ಮನೆಯ ಜಗಲಿ ಕಾಣುತ್ತಿತ್ತು. ಅಣ್ಣನನ್ನು ಕಂಡ ಆ ಹೆಣ್ಣುಮಗಳು ಕೈ ಒರೆಸಿಕೊಳ್ಳುತ್ತ ಬಾಗಿಲವರೆಗೆ ಬಹುತೇಕ ಓಡಿಬಂದರು. ಸೆರಗೊಡ್ಡಿ ಮೊರ ತೆಗೆದುಕೊಂಡರು. ಅಣ್ಣನ ಕಾಲು ಮುಟ್ಟಿದರು. ಒಳಗೆ ಹೋದರು. ಸ್ನೇಹಿತ ಸ್ಟೀರಿಂಗಿನ ಮೇಲಿಂದ ಕೈ ತೆಗೆದು, "ಆಯ್ತು ಬುಡ್ಲಾ," ಎಂದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಾತು ಏರಿತು. ನಾನು ಇಳಿದು ಗೋಡೆಯ ಪಕ್ಕದವರೆಗೆ ಹೋದೆ. ಅಕ್ಕಪಕ್ಕದ ಹೆಂಗಸರು ಆಗಲೇ ಬಾಗಿಲುಗಳಲ್ಲಿ ನಿಂತಿದ್ದರು. ಆಕೆ ಜಗಲಿಗೆ ಬಂದಿದ್ದರು. ಒಂದು ಕೈಯಲ್ಲಿ ಮೊರ, ಇನ್ನೊಂದರಲ್ಲಿ ಪತ್ರ. ಪತ್ರದ ಒಂದು ಮೂಲೆಗೆ ಕುಂಕುಮ ಹತ್ತಿತ್ತು.

"ಅವ್ವ ಸತ್ ಮ್ಯಾಲೆ ಒಂದ್ ವರ್ಸನಾದ್ರೂ ಬಂದಿದ್ದಾ ಅಣ್ಣಯ್ಯ ನೀನು? ಈ ವರ್ಸ ಬಂದೆ ಅಂತ ನಮ್ಮತ್ತೆ ಮುಂದೆ ಜಂಬ ಮಾಡ್ಕಂಡ್ ಓಡ್ಬಂದೆ. ನೀನು ಬಾಗ್ನ ಕೊಡಾಕ್ ಬಂದಿದ್ದೋ, ಸೈನ್ ಈಸ್ಕಳಾಕ್ ಬಂದಿದ್ದೋ?"

"ಎರಡ್ಕೂವೆ ಕಣವ್ವ. ಅಬ್ಬನೂ ಆಯ್ತದೆ, ಕೆಲಸನೂ ಆಯ್ತದೆ ಅಂತ," ಎಂದ ಅಣ್ಣ.

"ಕೇಳಾಕೆ ಬಾಯಿರ್ಲಿಲ್ವಾ ನಿಂಗೆ? ಗೌರಮ್ಮನ ಮುಂದೆ ಮೊರ ತಗುದ್ರೆ ಕೋರ್ಟ್ ಕಾಗ್ದ ಬತ್ತದೆ. ನಮ್ಮತ್ತೆ ನೋಡುದ್ರು. ಇವ್ರೆಲ್ಲ ನೋಡುದ್ರು."

ಹಿಂದೆ ನಿಂತಿದ್ದ ಅತ್ತೆ ಸೊಸೆಯ ತೋಳು ಹಿಡಿದುಕೊಂಡರು. "ಬಾಗ್ನ ವಾಪಸ್ ಕೊಡ್ಬಾರ್ದು ಕಣಮ್ಮ. ತವರ್‌ಗೆ ಕೆಡುಕಾಯ್ತದೆ. ಕಾಗ್ದ ಕೊಟ್ಬುಡು, ಮೊರ ಮಡಿಕೊ."

"ಕೆಡುಕು ಅವ್ರೇ ತಂದವ್ರೆ ಅತ್ತೆ. ಅವ್ರೇ ಎತ್ಕಂಡ್ ಓಗ್ಲಿ."

ಆಕೆ ಮೊರವನ್ನು ಜಗಲಿಯ ಮೇಲೆ ಇಟ್ಟು, ಪತ್ರವನ್ನು ಅದರ ಮೇಲಿಟ್ಟು, ಗಾಳಿಗೆ ಹಾರದ ಹಾಗೆ ತೆಂಗಿನಕಾಯಿ ಹೇರಿ ಒಳಗೆ ಹೋದರು. ಕದ ಹಾಕಿಕೊಂಡ ಶಬ್ದ ಕೇಳಿತು. ಅಣ್ಣ ಅಲ್ಲೇ ನಿಂತಿದ್ದ. ಮೊರ ಎತ್ತಿಕೊಳ್ಳಲು ಆತನಿಗೆ ಕೈ ಬರಲಿಲ್ಲ. ಕೊನೆಗೆ ಎತ್ತಿಕೊಂಡು ಬಂದದ್ದು ದಲ್ಲಾಳಿ.

ಕಾರಿನ ಹತ್ತಿರ ಬಂದು ಅವನು, "ಸಿಟ್ಟು ಎರಡ್ ದಿನ ಇರ್ತದೆ, ಗಣಪತಿ ಬುಡೋ ಹೊತ್ಗೆ ಇಳೀತದೆ," ಎಂದ. ಸ್ನೇಹಿತ ಗಾಡಿ ಸ್ಟಾರ್ಟ್ ಮಾಡಿ ಮದ್ದೂರಿನ ಕಡೆ ತಿರುಗಿಸಿದ.

ಗಣಪತಿ ಬಿಟ್ಟ ಮೇಲೂ ಸಿಟ್ಟು ಇಳಿಯಲಿಲ್ಲ. ಅಕ್ಟೋಬರ್‌ನಲ್ಲಿ ನಾವಿಬ್ಬರೇ ಆಕೆಯ ಮನೆಗೆ ಹೋದೆವು. ಜಗಲಿಯಲ್ಲಿ ಕೂರಿಸಿದರು, ಕಾಫಿ ಕೊಟ್ಟರು. ಸ್ನೇಹಿತ ತನ್ನ ಶೆಡ್ಡಿನ ವಿಷಯ ಹೇಳಿಕೊಂಡ, ಈಗ ಮರದ ಕೆಳಗೆ ಕೆಲಸ ಮಾಡುತ್ತಿದ್ದೇನೆ ಎಂದೂ ಹೇಳಿದ. ಆಕೆ ಪೂರ್ತಿ ಕೇಳಿದರು.

"ನಿಮ್ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣಣ್ಣ. ಆ ಜಮೀನೂ ನಂಗೆ ಬೇಕಿರ್ನಿಲ್ಲ. ಒಂದ್ ಫೋನ್ ಮಾಡಿ, ತಂಗಿ ಬಾರವ್ವ ಅಂದಿದ್ರೆ ಮಳವಳ್ಳಿಗೇ ಬಂದು ಆಕ್ತಿದ್ದೆ. ಈಗ ಆಕುದ್ರೆ, ಒಂದ್ ರವಿಕೆ ಕಣಕ್ಕೆ ತವರ್ ಮಾರ್ಕಂಡ್ಲು ಅಂತರೆ ಊರೋರು. ಆಗ್ಲೇ ಅಂತಾವ್ರೆ."

"ನಾನು ಏನ್ ಮಾಡ್ಲಿ ತಾಯಿ, ಹೇಳಿ," ಎಂದ ಸ್ನೇಹಿತ.

"ನಿಮ್ ಮುಂಗಡ ನಮ್ಮಣ್ಣನ್ ತವ ಕೇಳಿ."

ಮುಂಗಡ ಆ ಹೊತ್ತಿಗೆ ತಾರಸಿಯಾಗಿತ್ತು. ನಾವು ಹೋದಾಗ ಮಾಲೀಕ ಹೊಸ ಗಾರೆಗೆ ನೀರು ಬಿಡುತ್ತಿದ್ದ. ಬ್ಯಾಂಕಿನ ಸಾಲ ಸಿಕ್ಕಿದರೆ ಕೊಡುತ್ತೇನೆ, ಕಬ್ಬು ಕಡಿದರೆ ಕೊಡುತ್ತೇನೆ ಎಂದ. ಬಾಗಿನದ ಮಾತು ಬಂದಾಗ ಪೈಪು ಕೆಳಗಿಟ್ಟು, "ನಮ್ಮೋಳ್ ಆಗಿ ಇಂಗ್ ಮಾಡುದ್ಲಲ್ಲ," ಎಂದಷ್ಟೇ ಹೇಳಿ ಒಳಗೆ ಹೋದ.

ಬ್ಲಫ್‌ನ ನಿವೃತ್ತರು ಹಿಂದೆ ಸರಿದರು. ಅವರು ಈಗ ಮಳವಳ್ಳಿಯಲ್ಲಿ ಕಟ್ಟಿದ ಮನೆಯನ್ನೇ ಕೊಂಡಿದ್ದಾರೆ. ನವೆಂಬರ್‌ನಲ್ಲಿ ತಂಗಿ ಮಳವಳ್ಳಿಯ ನ್ಯಾಯಾಲಯದಲ್ಲಿ ವಿಭಾಗದ ದಾವೆ ಹೂಡಿದರು. ಹತ್ತು ಗುಂಟೆಗೆ ಮಾತ್ರವಲ್ಲ, ತಂದೆಯ ಅಷ್ಟೂ ಜಮೀನಿಗೆ. ತವರು ಮಾರಿಕೊಂಡಳು ಅಂತ ಹೇಗೂ ಅನ್ನಿಸಿಕೊಂಡಾಯಿತು, ಇನ್ನು ಭಾಗವನ್ನೇ ಕೇಳುತ್ತೇನೆ ಎಂದರಂತೆ. ಅಣ್ಣ ಮೊದಲ ಪ್ರತಿವಾದಿ. ಅಗ್ರಿಮೆಂಟ್ ಮಾಡಿಕೊಂಡವರಾದ್ದರಿಂದ ನಮ್ಮಿಬ್ಬರ ಹೆಸರೂ ಕೆಳಗಿತ್ತು. ಜಮೀನನ್ನು ಯಾರಿಗೂ ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ ಬಂತು. ನಾನು ಆ ನ್ಯಾಯಾಲಯದ ಸುದ್ದಿಗಳನ್ನು ವರ್ಷಗಟ್ಟಲೆ ಬರೆದವನು. ಅಂದಿನಿಂದ ಅಲ್ಲಿಯ ಸುದ್ದಿಯನ್ನು ಬೇರೊಬ್ಬರು ನೋಡಿಕೊಳ್ಳುತ್ತಿದ್ದಾರೆ.

ವಕೀಲರು ಹೇಳಿದ್ದು ಇಷ್ಟು: ಅಣ್ಣ–ತಂಗಿ ರಾಜಿಯಾದರೆ ಒಂದೇ ದಿನದ ಕೆಲಸ, ಆಗದಿದ್ದರೆ ಎಷ್ಟು ವರ್ಷ ಎಂದು ಹೇಳಲಾಗುವುದಿಲ್ಲ. ರಾಜಿಗೆ ಊರಿನ ಹಿರಿಯರು ಒಮ್ಮೆ ಕೂತರು. ತಂಗಿ ಬಂದರು. ಅಣ್ಣ ಬರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ರಸ್ತೆ ಬದಿಯ ಒತ್ತುವರಿ ತೆರವು ಮಾಡುವಾಗ ಸ್ನೇಹಿತನ ಟಾರ್ಪಾಲೂ ಹೋಯಿತು. ಕೆಲವು ದಿನ ಗಿರಾಕಿಗಳ ಮನೆಗೇ ಹೋಗಿ ಕೆಲಸ ಮಾಡಿದ. ಹಳೇ ಶೆಡ್ಡಿನ ಯಜಮಾನನನ್ನು ಕೇಳಿದಾಗ ನೀರಿನ ಕ್ಯಾನಿನವರು ಹೆಚ್ಚು ಬಾಡಿಗೆ ಕೊಡುತ್ತಾರೆಂದು ಉತ್ತರ ಬಂತು. ಒಂದು ಸಂಜೆ ಅವನ ಮನೆಗೆ ಹೋದಾಗ ಹಿತ್ತಲಿನಲ್ಲಿ ಕಂಪ್ರೆಸರ್ ಇದ್ದ ಜಾಗದಲ್ಲಿ ಕೋಳಿ ಬುಟ್ಟಿ ಇತ್ತು.

"ಮಾರ್ಬುಟ್ಯಾ?"

"ತುಕ್ಕು ಹಿಡೀತಿತ್ತು ಕಣ್ಲಾ. ಉಪಯೋಗಿಸೋರ್ ಮನೇಗ್ ಓಯ್ತು."

"ಕೇಸು ಮುಗಿದ್ರೆ ಬೇಕಾಗ್ತಿತ್ತಲ್ಲ."

"ನೀನು ಪೇಪರ್‌ನೋನು. ನಿಂಗೇ ಗೊತ್ತಿಲ್ವಾ ಕೇಸು ಯಾವಾಗ್ ಮುಗೀತದೆ ಅಂತ?" ಎಂದು ನಕ್ಕ. ಅವನ ಹೆಂಡತಿ ಟೀ ತಂದಿಟ್ಟು ಒಳಗೆ ಹೋದರು. ಮೊದಲಾಗಿದ್ದರೆ ಕೂತು ಮಾತಾಡುತ್ತಿದ್ದರು.

ಮಾಲೀಕ ಆ ಹತ್ತು ಗುಂಟೆಯಲ್ಲಿ ಮತ್ತೆ ಕಬ್ಬು ಬೆಳೆದು ಒಂದು ಸಲ ಕಡಿದಿದ್ದಾನೆ. ಉಳುವುದಕ್ಕೆ ತಡೆಯಾಜ್ಞೆ ಅಡ್ಡಿಯಿಲ್ಲ. ಈ ವರ್ಷ ಜನವರಿಯಲ್ಲಿ ತಂಗಿಯ ಸಾಕ್ಷ್ಯ ಆರಂಭವಾಗಬೇಕಿತ್ತು. ನ್ಯಾಯಾಧೀಶರಿಗೆ ವರ್ಗವಾಗಿ ಹೊಸಬರು ಬಾರದ ಕಾರಣ ಮುಂದಕ್ಕೆ ಹೋಯಿತು. ಫೆಬ್ರವರಿಯಲ್ಲಿ ದಲ್ಲಾಳಿ ಮದ್ದೂರಿಗೆ ಬಂದು ಸ್ನೇಹಿತನನ್ನು ಕಂಡ. ಕೇಸಿನ ಸಮೇತ ನಿನ್ನ ಪಾಲಿನ ಅಗ್ರಿಮೆಂಟನ್ನು ನಾನು ತೆಗೆದುಕೊಳ್ಳುತ್ತೇನೆ, ಕಾಯುವ ತಾಕತ್ತು ನನಗಿದೆ ಎಂದ. ಟವೆಲ್ಲಿನ ಕೆಳಗೆ ಹೇಳಿದ ಬೆಲೆ ಎಷ್ಟೆಂದು ಸ್ನೇಹಿತ ನನಗೆ ಹೇಳಿಲ್ಲ. ಕೊಟ್ಟದ್ದರ ಅರ್ಧವೂ ಅಲ್ಲ ಎಂದು ಅವನ ಹೆಂಡತಿಯಿಂದ ತಿಳಿಯಿತು.

ಮಾರ್ಚ್‌ನಲ್ಲಿ ಅವನು ಬರೆದುಕೊಟ್ಟ. ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ನನ್ನ ಪಾಲು ಹಾಗೇ ಇದೆ. ದಾವೆಯಲ್ಲಿ ನನ್ನ ಹೆಸರಿನ ಪಕ್ಕ ಈಗ ದಲ್ಲಾಳಿಯ ಹೆಸರು ಸೇರಿಸಲು ಅರ್ಜಿ ಹಾಕಲಾಗಿದೆ. ಸ್ನೇಹಿತ ಏಪ್ರಿಲ್‌ನಿಂದ ಮಂಡ್ಯದ ಒಂದು ಗ್ಯಾರೇಜಿನಲ್ಲಿ ದಿನಗೂಲಿಗೆ ಕೆಲಸ ಮಾಡುತ್ತಿದ್ದಾನೆ. ಬೆಳಗಿನ ಪ್ಯಾಸೆಂಜರ್ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಾನೆ.